ನಂಬರಪ್ಪನವರ ಗಂಟಲು ಕಟ್ಟಿದ ವಾರ

ಕಣ್ಣಿನ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಕುಳಿತು ಕನ್ನಡಕದ ನಂಬರು ನೋಡುವ ಮನುಷ್ಯನಿಗೆ ಜೀವಮಾನದಲ್ಲಿ ಕೇಳಲಿಕ್ಕಿರುವುದು ಒಂದೇ ಪ್ರಶ್ನೆ. "ಇದು ಚೆನ್ನಾಗಿ ಕಾಣುತ್ತಾ, ಮೊದಲಿಂದಾ?" ಗಾಜು ಬದಲಾಯಿಸಿ ಮತ್ತೆ, "ಈಗ? ಇದಾ, ಮೊದಲಿಂದಾ?" ಮದುವೆಯಾದ ಹೊಸತರಲ್ಲಿ ನಂಬರಪ್ಪನವರು ಈ ಪ್ರಶ್ನೆಯನ್ನು ನಿದ್ದೆಯಲ್ಲೇ ಕೇಳಿಬಿಟ್ಟಾಗ ಹೆಂಡತಿ ಗಾಬರಿಯಿಂದ ಎದ್ದು ಕೂತು, "ಯಾವುದ್ರೀ ಮೊದಲಿಂದು? ಎಲ್ಲಿದಾಳೆ ಈಗ?" ಎಂದು ವಿಚಾರಣೆಗೆ ತೊಡಗಿದ್ದರಂತೆ.

ನಂಬರು ನೋಡುವವರಾದ್ದರಿಂದ ಅವರಿಗೆ ನಂಬರಪ್ಪನೆಂದು ಹೆಸರು ಬಿದ್ದಿತ್ತು. ಎದುರಿಗೆ ಎಲ್ಲರೂ ಸಾರ್ ಎನ್ನುತ್ತಿದ್ದರು, ಬೆನ್ನು ತಿರುಗಿಸಿದರೆ ನಂಬರಪ್ಪ.

ನಂಬರಪ್ಪನವರು ಮಹಾ ಮಾತುಗಾರರೆಂಬುದು ಆಸ್ಪತ್ರೆಯಲ್ಲಿ ಎಲ್ಲರೂ ಒಪ್ಪಿದ ಸಂಗತಿ. ಅದಕ್ಕೆ ಕಾರಣವಿತ್ತು. ಕತ್ತಲೆ ಕೋಣೆಗೆ ಬಂದವರು ಅದನ್ನು ಪರೀಕ್ಷೆಯೆಂದೇ ತಿಳಿದು ಬೆವರುತ್ತಾರೆ. ಗೋಡೆಯ ಮೇಲಿನ ಅಕ್ಷರ ತಪ್ಪು ಓದಿದರೆ ಫೇಲು ಮಾಡುತ್ತಾರೆಂದು ಹೆದರಿ, ಹೊರಗೆ ಕಾಯುವಾಗ ಬಾಗಿಲ ಸಂದಿಯಿಂದ ನೋಡಿ ಬಾಯಿಪಾಠ ಮಾಡಿಕೊಂಡು ಬರುವವರೂ ಇದ್ದಾರೆ. ಅಂಥವರ ಹೆದರಿಕೆ ಬಿಡಿಸಲೆಂದು ಅವರು ಒಂದೆರಡು ಮಾತಾಡುತ್ತಿದ್ದರು. ಒಂದೆರಡು ಮಾತಾಡಿದರೆ ಎದುರಿನವರು ಹತ್ತು ಆಡುತ್ತಾರೆ. ಹತ್ತಕ್ಕೆ ಮರ್ಯಾದೆಗಾದರೂ ನಾಲ್ಕು ಮಾತು ಹಿಂದಿರುಗಿಸಬೇಕು. ಹೀಗೆ ವರ್ಷಗಟ್ಟಲೆ ಮರ್ಯಾದೆ ಕಾಪಾಡಿಕೊಂಡು ಬಂದವರಿಗೆ ಕೊನೆಗೆ ಸಿಕ್ಕಿದ ಬಿರುದು ಮಾತುಗಾರ ಎಂಬುದು.

ನಿಜ ಹೇಳಬೇಕೆಂದರೆ ನಂಬರಪ್ಪನವರಿಗೆ ಮಾತೆಂದರೆ ತಲೆನೋವು. ಅವರ ಕಣ್ಣಿದ್ದುದು ಆಸ್ಪತ್ರೆಯ ಮೆಟ್ಟಿಲಿಳಿದರೆ ನೆಲದಡಿಯಲ್ಲಿದ್ದ ಫಿಟಿಂಗ್ ರೂಮಿನ ಮೇಲೆ. ಅಲ್ಲಿ ಒಂದು ಉಜ್ಜುವ ಚಕ್ರ, ಅದರ ಮೇಲೆ ಹನಿಹನಿಯಾಗಿ ಬೀಳುವ ನೀರು, ಒಂದು ಸ್ಟೂಲು, ಒಂದು ದೀಪ. ಗಾಜನ್ನು ಚಕ್ರಕ್ಕೆ ಹಿಡಿದು, ಅಂಚು ಸವೆಸಿ, ಫ್ರೇಮಿಗೆ ಕೂರಿಸಿದರೆ ಕೆಲಸ ಮುಗಿಯಿತು. ಗಾಜು ಯಾವತ್ತೂ "ಎರಡೂ ಒಂದೇ ಥರ ಇದೆ ಸಾರ್" ಅನ್ನುವುದಿಲ್ಲ. "ನಿಮಗೆಷ್ಟು ಮಕ್ಕಳು ಸಾರ್?" ಎಂದು ಕೇಳುವುದಿಲ್ಲ. ಆ ರೂಮಿನ ಫಿಟ್ಟರು ಸ್ವಂತ ಅಂಗಡಿ ಇಡಲು ಕೆಲಸ ಬಿಡುತ್ತಿದ್ದಾನೆಂದು ಸುದ್ದಿ ಬಂದ ದಿನ ನಂಬರಪ್ಪನವರಿಗೆ ಊಟ ಸೇರಲಿಲ್ಲ. ಭಾನುವಾರ ಮಧ್ಯಾಹ್ನ ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ಯಾರಿಗೆ ಯಾವ ಕೆಲಸವೆಂದು ದೊಡ್ಡ ಡಾಕ್ಟರು ಘೋಷಿಸುವವರಿದ್ದರು. ಅಷ್ಟರೊಳಗೆ ಹೋಗಿ ಬಾಯಿಬಿಟ್ಟು ಕೇಳಿಬಿಡಬೇಕು. ಇಷ್ಟು ವರ್ಷ ಊರಿನವರನ್ನೆಲ್ಲ ಏನೇನೋ ಕೇಳಿದ್ದಾಯಿತು, ತನಗಾಗಿ ಒಂದು ಸಲ.

ಸೋಮವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, "ಸಾರ್, ನನ್ನದೊಂದು ಕೋರಿಕೆ" ಎಂದು ಅಭ್ಯಾಸ ಮಾಡಲು ಬಾಯಿ ತೆರೆದರು. ಗಾಳಿ ಬಂತು. ಮತ್ತೆ ತೆರೆದರು. ಮತ್ತೆ ಗಾಳಿಯೇ ಬಂತು.

"ಯಾವಾಗಿಂದ?" ಎಂದು ಗಂಟಲಿನ ಡಾಕ್ಟರು ಕೇಳಿದ್ದು ನಂಬರಪ್ಪನವರನ್ನು. ಉತ್ತರ ಕೊಟ್ಟಿದ್ದು ಹೆಂಡತಿ.

"ಬೆಳಿಗ್ಗೆಯಿಂದ ಡಾಕ್ಟ್ರೇ. ತುಂಬಾ ನೋವು. ನುಂಗಕ್ಕೂ ಆಗ್ತಿಲ್ಲ. ರಾತ್ರಿಯೆಲ್ಲ ಹೊರಳಾಡಿದಾರೆ."

ನಂಬರಪ್ಪನವರಿಗೆ ನೋವಿರಲಿಲ್ಲ. ತಿಂಡಿ ಸಲೀಸಾಗಿ ಇಳಿದಿತ್ತು. ಹೊರಳಾಡಿದ್ದು ಹೆಂಡತಿ. ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು.

"ನೋಡಿ, ಕತ್ತು ತಿರುಗಿಸಕ್ಕೂ ಕಷ್ಟ ಪಡ್ತಿದಾರೆ" ಅಂದರು ಹೆಂಡತಿ.

ಡಾಕ್ಟರು ಗಂಟಲೊಳಗೆ ದೀಪ ಬಿಟ್ಟು ನೋಡಿ, "ಮಾತಾಡಿ ಮಾತಾಡಿ ಊದಿಕೊಂಡಿದೆ. ಒಂದು ವಾರ ಒಂದಕ್ಷರ ಆಡಬಾರದು. ಪಿಸುಗುಟ್ಟೋದೂ ಬೇಡ, ಅದು ಇನ್ನೂ ಕೆಟ್ಟದ್ದು" ಅಂದರು.

"ಒಂದು ವಾರಾನಾ! ಬೇರೆ ಏನೂ ಇಲ್ವಾ ಡಾಕ್ಟ್ರೇ? ಇಂಜೆಕ್ಷನ್ನು? ಆಪರೇಷನ್ನು?"

"ಬಾಯಿ ಮುಚ್ಚಿಕೊಂಡಿದ್ರೆ ಸಾಕಮ್ಮ."

"ಅದೇ ಕಷ್ಟ. ಇವರು ಮಾತಿಲ್ಲದೆ ಉಳಿಯಲ್ಲ" ಎಂದು ಹೆಂಡತಿ ಸೆರಗಿನ ಚುಂಗಿನಿಂದ ಕಣ್ಣೊತ್ತಿಕೊಂಡರು.

ನಂಬರಪ್ಪನವರು ಮನೆಗೆ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತರು. ಯಾರಿಗೂ ಏನೂ ಹೇಳಬೇಕಾಗಿಲ್ಲ. ಯಾರನ್ನೂ ಏನೂ ಕೇಳಬೇಕಾಗಿಲ್ಲ. ವೈದ್ಯರ ಅಪ್ಪಣೆ ಬೇರೆ. ದೊಡ್ಡ ಡಾಕ್ಟರನ್ನು ಕೇಳುವುದೊಂದು ಬಾಕಿ ಉಳಿಯಿತಲ್ಲ ಎಂಬ ಅಳುಕು ಬಿಟ್ಟರೆ, ಅಂಥ ಸುಖವನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ತಿಳಿಯದೆಯೇ ಮುಖದ ಮೇಲೆ ಒಂದು ಮುಗುಳ್ನಗೆ ಬಂದು ಕುಳಿತಿತು.

ಅದನ್ನು ಮೊದಲು ಕಂಡವರು ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು. ಬಾಗಿಲಲ್ಲೇ ನಿಂತು ದೀರ್ಘವಾಗಿ ನೋಡಿ, ನಂಬರಪ್ಪನವರ ಹೆಂಡತಿಯನ್ನು ಪಕ್ಕಕ್ಕೆ ಕರೆದರು.

"ತಂಗೀ, ಆ ನಗು ನೋಡಿದ್ಯಾ? ಒಳಗೇ ಕುದೀತಿದಾರೆ."

"ಹೌದಾ ಅಣ್ಣ?"

"ಅರ್ಧ ಅಡ್ರೆಸ್ಸಿರೋ ಕವರನ್ನ ಕೈಯಲ್ಲಿ ಹಿಡಿದೇ ಯಾವ ಮನೆಗೆ ಅಂತ ಹೇಳ್ತಿದ್ದೋನು ನಾನು. ಇಷ್ಟು ದಿನ ಎದುರು ಮನೇಲಿದ್ದು ಈ ಮುಖ ಓದಕ್ಕೆ ಬರಲ್ವಾ? ಒಂಟಿಯಾಗಿ ಬಿಡಬೇಡ. ನಾವೆಲ್ಲ ಸೇರಿ ಮಾತಾಡ್ತಾ ಇರಬೇಕು."

ಅಲ್ಲಿಗೆ ನಂಬರಪ್ಪನವರ ಸುಖ ಮುಗಿಯಿತು. ಪೋಸ್ಟ್‌ಮಾಸ್ಟರು ಬೆಳಗಿನ ಪಾಳಿ ವಹಿಸಿಕೊಂಡರು. ಕಳೆದುಹೋಗಿ ಸಿಕ್ಕಿದ ರಿಜಿಸ್ಟರ್ ಕಾಗದಗಳ ಕಥೆಯನ್ನೆಲ್ಲ ಒಂದೊಂದಾಗಿ ಬಟವಾಡೆ ಮಾಡಿದರು. ಮಧ್ಯಾಹ್ನ ಅವರ ಹೆಂಡತಿ ಬಂದು, ಪೋಸ್ಟ್‌ಮಾಸ್ಟರು ಆ ಕಥೆಗಳಲ್ಲಿ ಎಲ್ಲೆಲ್ಲಿ ಸುಳ್ಳು ಹೇಳಿರಬಹುದೆಂದು ತಿದ್ದಿಹೋದರು. ಸಂಜೆ ನಂಬರಪ್ಪನವರ ಹೆಂಡತಿಯ ತಮ್ಮ ಸ್ಕೂಟರು ನಿಲ್ಲಿಸಿ, "ಭಾವ, ನೀವೇನೂ ಯೋಚನೆ ಮಾಡ್ಬೇಡಿ. ನಿಮ್ಮ ಪಾಲಿನ ಮಾತೂ ನಾನೇ ಆಡ್ತೀನಿ" ಎಂದು ಶುರುಮಾಡಿದವನು ಹೇಳಿದ್ದಕ್ಕಿಂತ ಹೆಚ್ಚೇ ಆಡಿದ. ಪ್ರಶ್ನೆ ಅವನದೇ, ನಂಬರಪ್ಪನವರ ಉತ್ತರವೂ ಅವನದೇ.

"ಭಾವ, ನಾನು ಈ ಸ್ಕೂಟರ್ ಮಾರಿ ಕಾರ್ ತಗೊಳ್ಳಲಾ? 'ತಗೋ, ಧೈರ್ಯವಾಗಿ ತಗೋ' ಅಂತೀರಿ, ನನಗೆ ಗೊತ್ತು. ಅಕ್ಕಾ, ಭಾವ ಒಪ್ಪಿದ್ರು!"

ನಂಬರಪ್ಪನವರು ಬೇಡವೆಂದು ಎರಡೂ ಕೈ ಆಡಿಸಿದರು.

"ನೋಡು, ಸ್ಟಿಯರಿಂಗ್ ತಿರುಗಿಸಿ ತೋರಿಸ್ತಿದಾರೆ! ಎಷ್ಟು ಖುಷಿ ನೋಡು."

ಅವರು ಕಾಗದ ಪೆನ್ನು ತೆಗೆದುಕೊಂಡು 'ನನ್ನನ್ನು' ಎಂದು ಬರೆಯುವಷ್ಟರಲ್ಲಿ ಹೆಂಡತಿ ಪೆನ್ನು ಕಸಿದುಕೊಂಡರು. "ದಣೀಬೇಡಿ. 'ನನ್ನನ್ನು ಒಂಟಿಯಾಗಿ ಬಿಡಬೇಡಿ' ಅಂತ ತಾನೇ? ಯಾರು ಬಿಡ್ತಾರೆ ನಿಮ್ಮನ್ನ!"

ವಿಜ್ಞಾನದ ಪಾಠದಲ್ಲಿ ಹೇಳಿಕೊಡುವ ಒಂದು ಕ್ರಮವಿದೆ. ಕಣ್ಣಿಗೆ ಕಂಡದ್ದು ನಮ್ಮ ಸಿದ್ಧಾಂತಕ್ಕೆ ಹೊಂದದಿದ್ದರೆ ಸಿದ್ಧಾಂತವನ್ನು ಬದಲಿಸಬೇಕು. ಮನೆಯ ಮಂದಿಯ ವಿಷಯದಲ್ಲಿ ಯಾರೂ ಈ ತೊಂದರೆ ತೆಗೆದುಕೊಳ್ಳುವುದಿಲ್ಲ. ಸಿದ್ಧಾಂತ ಎಂದೋ ನಿಶ್ಚಯವಾಗಿರುತ್ತದೆ, ಕಂಡದ್ದನ್ನೇ ಒತ್ತಿ, ಮಡಚಿ, ಅದರೊಳಗೆ ತುರುಕುತ್ತಾರೆ.

ಬುಧವಾರ ನಂಬರಪ್ಪನವರು ರಜೆ ಬೇಡವೆಂದು ಆಸ್ಪತ್ರೆಗೆ ಓಡಿದರು. ಅಲ್ಲಿ ಬಾಗಿಲ ಬಳಿ ರೋಗಿಗಳ ಹೆಸರು ಬರೆದುಕೊಳ್ಳುವ ಮೇಜಿನ ಮೇಡಮ್ಮು ಅವರನ್ನು ಕಂಡದ್ದೇ ಎದ್ದು ನಿಂತು, ಕಾಯುತ್ತಿದ್ದ ರೋಗಿಗಳಿಗೆಲ್ಲ ಕೇಳುವಂತೆ, "ನೋಡ್ರಪ್ಪ, ಇವರೇ! ಗಂಟಲು ಹೋದ್ರೂ ಮನೇಲಿರಕ್ಕಾಗದೆ ಬಂದ್ಬಿಟ್ರು. ಜನ ಅಂದ್ರೆ ಪ್ರಾಣ ಇವರಿಗೆ" ಎಂದು ಸಾರಿದರು. ಒಬ್ಬ ಮುದುಕರು ಕಣ್ಣಿಗೆ ಹಾಕಿದ ಔಷಧಿ ಕೆನ್ನೆಗಿಳಿಯುತ್ತಿದ್ದರೂ ಎದ್ದು ಕೈಮುಗಿದರು.

ನಂಬರಪ್ಪನವರು ನೆಟ್ಟಗೆ ದೊಡ್ಡ ಡಾಕ್ಟರ ಕೋಣೆಗೆ ಹೋಗಿ, ಜೇಬಿನಲ್ಲಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟರು. ಈ ಸಲ ಬಚ್ಚಲಲ್ಲಿ ಚಿಲಕ ಹಾಕಿಕೊಂಡು ಪೂರ್ತಿ ಬರೆದು ತಂದಿದ್ದರು. 'ಸಾರ್, ಈ ವಾರ ಮಾತಿಲ್ಲದೆ ತುಂಬಾ ಸಂತೋಷವಾಗಿದ್ದೇನೆ. ದಯವಿಟ್ಟು ನನ್ನನ್ನು ಕೆಳಗಿನ ಫಿಟಿಂಗ್ ರೂಮಿಗೆ ಹಾಕಿ.'

ದೊಡ್ಡ ಡಾಕ್ಟರು ಓದಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೊಮ್ಮೆ ಓದಿದರು.

"ಎಂಥಾ ದೊಡ್ಡ ಮನಸ್ಸು ರೀ ನಿಮ್ಮದು" ಅಂದರು.

ನಂಬರಪ್ಪನವರು ಚೀಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ದನಿ ಹೋಯ್ತು, ಇನ್ನು ನಾನು ಆಸ್ಪತ್ರೆಗೆ ಭಾರ, ಕೆಳಗಡೆ ಎಲ್ಲೋ ಮೂಲೇಲಿ ಹಾಕಿಬಿಡಿ ಅಂತ ಬರೀತೀರಲ್ಲ! ಅದೂ 'ಸಂತೋಷವಾಗಿದ್ದೇನೆ' ಅಂತ! ನಾನೇನು ಇವತ್ತು ನಿನ್ನೆಯಿಂದ ನೋಡ್ತಿದೀನಾ ನಿಮ್ಮನ್ನ?"

ನಂಬರಪ್ಪನವರು ಜೋರಾಗಿ ತಲೆ ಅಲ್ಲಾಡಿಸಿದರು.

"ಸಂಕೋಚ ಬೇಡ. ನಿಮ್ಮಂಥವರನ್ನ ನೆಲದಡಿಗೆ ಹಾಕಿದ್ರೆ ನನಗೆ ಪಾಪ ಸುತ್ಕೊಳುತ್ತೆ."

ನಂಬರಪ್ಪನವರು ಬೆರಳಿನಿಂದ ನೆಲ ತೋರಿಸಿದರು. ಅರ್ಥವಾಗಲೆಂದು ಮತ್ತೆ ಮತ್ತೆ, ಬಗ್ಗಿ, ಬಲವಾಗಿ ಕೆಳಕ್ಕೇ ತೋರಿಸಿದರು.

"ಗೊತ್ತು, ಗೊತ್ತು" ಎಂದು ದೊಡ್ಡ ಡಾಕ್ಟರು ಎದ್ದು ಬಂದು ಅವರ ಭುಜ ತಬ್ಬಿಕೊಂಡರು. "ಸಾಯೋತನಕ ಇಲ್ಲೇ, ಈ ಆಸ್ಪತ್ರೇಲೇ ಅಂತ ತಾನೇ? ಇರಿ. ಯಾರು ಬೇಡ ಅಂದೋರು? ಭಾನುವಾರ ನೋಡ್ತಾ ಇರಿ. ನಿಮ್ಮ ಮನಸ್ಸಲ್ಲಿರೋದನ್ನ ನಾನು ಕಂಡುಹಿಡಿದಿದೀನಿ."

ಭಾನುವಾರದ ಹೊತ್ತಿಗೆ ದನಿ ಮರಳಿತ್ತು. ಬೆಳಿಗ್ಗೆ ಗಂಟಲಿನ ಡಾಕ್ಟರು ನೋಡಿ, ಹಿತಮಿತವಾಗಿ ಆಡಬಹುದೆಂದಿದ್ದರು. ಆದರೂ ನಂಬರಪ್ಪನವರು ಒಂದು ಮಾತೂ ಖರ್ಚುಮಾಡಲಿಲ್ಲ. ಇರುವ ದನಿಯೆಲ್ಲ ದೊಡ್ಡ ಡಾಕ್ಟರಿಗೇ ಮೀಸಲೆಂದು ಇಟ್ಟುಕೊಂಡರು. ಸಭೆಗೆ ಮುಂಚೆ ಅವರನ್ನು ಹಿಡಿಯಬೇಕೆಂದರೆ, ಅವರ ಸುತ್ತ ಹಾರ ಹಿಡಿದವರ ಗುಂಪು.

ರೋಗಿಗಳು ಕಾಯುವ ಹಾಲಿನಲ್ಲೇ ಬೆಂಚುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ ಸಭೆ ಮಾಡಿದ್ದರು. ಹೆಂಡತಿ, ಹೆಂಡತಿಯ ತಮ್ಮ, ಪೋಸ್ಟ್‌ಮಾಸ್ಟರು ಎಲ್ಲ ಮುಂದಿನ ಸಾಲಿನಲ್ಲೇ ಕುಳಿತಿದ್ದರು.

"ಇನ್ನು ಮೇಲೆ ನಮ್ಮ ಆಸ್ಪತ್ರೆ ಹಳ್ಳಿಹಳ್ಳಿಗೂ ಹೋಗಿ ಕಣ್ಣಿನ ಶಿಬಿರ ಮಾಡುತ್ತೆ" ಎಂದು ದೊಡ್ಡ ಡಾಕ್ಟರು ಸಾರಿದರು. "ಶಾಲೆ, ಸಂತೆ, ಎಲ್ಲ ಕಡೆ ಮೈಕ್ ಹಿಡಿದು ಜನರ ಜೊತೆ ಮಾತಾಡೋರು ಬೇಕು. ಬೆಳಿಗ್ಗೆಯಿಂದ ಸಂಜೆತನಕ ಮಾತು. ಅದಕ್ಕೆ ಹುಟ್ಟಿದೋರು ನಮ್ಮಲ್ಲಿ ಒಬ್ಬರೇ!"

ಹಾಲಿನ ಛಾವಣಿ ಹಾರಿಹೋಗುವಂತೆ ಚಪ್ಪಾಳೆ. ಹೆಂಡತಿಯ ತಮ್ಮ ಸೀಟಿ ಹೊಡೆದ. ನಂಬರಪ್ಪನವರ ಕೈಗೆ ಮೈಕು ಬಂತು.

ಒಂದು ವಾರ ಕೂಡಿಟ್ಟ ದನಿ. ಅವರು ಅದನ್ನು ಅಲ್ಲೇ ಖರ್ಚು ಮಾಡಲು ನಿಶ್ಚಯಿಸಿದರು.

"ನಮಸ್ಕಾರ. ನನಗೆ ಮಾತಾಡೋದು ಅಂದ್ರೆ ಆಗಲ್ಲ."

ಸಭೆ ನಕ್ಕಿತು.

"ತಮಾಷೆ ಅಲ್ಲ."

ಇನ್ನೂ ಜೋರಾಗಿ ನಕ್ಕಿತು.

"ನನಗೆ ಶಿಬಿರ ಬೇಡ. ಕೆಳಗಿನ ಫಿಟಿಂಗ್ ರೂಮು ಕೊಡಿ. ಅಲ್ಲಿಗೆ ಯಾರೂ ಬರಲ್ಲ. ಯಾರಿಗೂ ಏನೂ ಹೇಳ್ಬೇಕಾಗಿಲ್ಲ. ಸುಮ್ನೆ ಇರಬಹುದು."

ಮೇಜಿನ ಮೇಡಮ್ಮು ಹೊಟ್ಟೆ ಹಿಡಿದುಕೊಂಡು ಪಕ್ಕದ ನರ್ಸಿನ ಮೇಲೆ ಬಿದ್ದರು. "ಅಯ್ಯೋ, ಆ ಮುಖ ನೋಡ್ರೇ! ಒಂಚೂರೂ ನಗದೆ ಹೇಳ್ತಾರಲ್ಲ!" ಪೋಸ್ಟ್‌ಮಾಸ್ಟರು ಹಿಂದಿನ ಸಾಲಿಗೆ ತಿರುಗಿ, "ನಮ್ಮ ಎದುರು ಮನೆಯವರು. ಮನೇಲೂ ಹೀಗೇ, ನಗಿಸಿ ನಗಿಸಿ ಇಡ್ತಾರೆ" ಎಂದು ತಿಳಿಸಿದರು.

"ನನಗೆ ಸಾಕಾಗಿದೆ" ಅಂದರು ನಂಬರಪ್ಪನವರು. ದೊಡ್ಡ ಡಾಕ್ಟರು ಕಣ್ಣೊರೆಸಿಕೊಳ್ಳುತ್ತ ಮೈಕು ವಾಪಸು ಪಡೆದು, "ಇಂಥಾ ಮಾತುಗಾರನ್ನ ಎಲ್ಲಾದ್ರೂ ಕಂಡಿದೀರಾ?" ಎಂದು ಸಭೆಯನ್ನು ಕೇಳಿದರು. ಸಭೆ ಇಲ್ಲವೆಂದಿತು.

ಆ ಹಾಲಿನಲ್ಲಿ ನಗದೆ ಕುಳಿತವರು ಒಬ್ಬರೇ, ಹೆಂಡತಿ. ಗಂಡನ ಮಾತಿನ ಅರ್ಥಕ್ಕೆ ಅವರು ಗಮನ ಕೊಟ್ಟಿರಲಿಲ್ಲ, ಅದು ರೂಢಿಯೂ ಇರಲಿಲ್ಲ. ಆದರೆ 'ಸಾಕಾಗಿದೆ' ಎಂದ ದನಿ ಅವರಿಗೆ ಪರಿಚಿತವಾಗಿತ್ತು. ಎಷ್ಟೋ ಸಲ ಪಾತ್ರೆ ತೊಳೆಯುತ್ತ ಅವರೇ ತಮಗೆ ತಾವು ಅದೇ ದನಿಯಲ್ಲಿ ಅದನ್ನು ಹೇಳಿಕೊಂಡಿದ್ದರು.

ಮನೆಗೆ ಹೋಗುವ ಬಸ್ಸಿನಲ್ಲಿ ಇಬ್ಬರೇ ಒಂದು ಸೀಟಿನಲ್ಲಿ ಕುಳಿತರು.

"ರೀ, ನೀವು ಹೇಳಿದ್ದು ತಮಾಷೆಗಲ್ಲ ಅಲ್ವಾ?"

"ಅಲ್ಲ."

"ಮಾತಾಡೋದು ಇಷ್ಟ ಇಲ್ವಾ ನಿಮಗೆ? ಆಸ್ಪತ್ರೇಲಾ?"

"ಎಲ್ಲೂ."

ಹೆಂಡತಿ ಪೂರ್ತಿ ಅವರ ಕಡೆ ತಿರುಗಿದರು. "ಮತ್ತೆ ದಿನಾ ಸಾಯಂಕಾಲ ಬಂದು ನನಗೆ ಹೇಳ್ತಿದ್ರಲ್ಲ? ಆ ಪೇಷೆಂಟ್ ಹೀಗಂದ, ಈ ಪೇಷೆಂಟ್ ಹಾಗಂದ ಅಂತ?"

"ನೀನು ಇಡೀ ದಿನ ಮನೇಲಿ ಒಬ್ಬಳೇ ಇರ್ತೀಯ, ಬೇಜಾರಾಗಿರುತ್ತೆ ಅಂತ..."

"ಒಬ್ಬಳೇನಾ! ಬೆಳಿಗ್ಗೆಯಿಂದ ಪೋಸ್ಟ್‌ಮಾಸ್ಟರ್ ಹೆಂಡ್ತಿ, ಆಮೇಲೆ ಫೋನಲ್ಲಿ ನಮ್ಮಮ್ಮ, ಆಮೇಲೆ ಮೇಲಿನ ಮನೆಯೋಳು. ಸಾಯಂಕಾಲ ಆದ್ರೆ ಸಾಕು, ಒಂದು ಗಳಿಗೆ ಸುಮ್ನೆ ಕೂತ್ಕೊಳೋಣ ಅನ್ಸೋದು. ಅಷ್ಟರಲ್ಲಿ ನೀವು ಬರ್ತಿದ್ರಿ."

"ಮತ್ತೆ ನಾನು ಹೇಳುವಾಗ ತಲೆ ವಾಲಿಸಿಕೊಂಡು, ನನ್ನನ್ನೇ ನೋಡ್ತಾ 'ಆಮೇಲೆ? ಆಮೇಲೆ?' ಅಂತಿದ್ಯಲ್ಲೇ!"

"ಬೇಗ ಮುಗೀಲಿ ಅಂತ."

ಈ 'ಆಮೇಲೆ'ಗಳ ಆಸೆಗೆಂದೇ ನಂಬರಪ್ಪನವರು ಎಷ್ಟೋ ಕಥೆಗಳಿಗೆ ಇಲ್ಲದ ಬಾಲ ಕಟ್ಟಿದ್ದರು. ರೋಗಿಗಳು ಕಡಿಮೆ ಬಂದ ದಿನ ಒಂದಿಬ್ಬರನ್ನು ತಾವೇ ಹುಟ್ಟಿಸಿಕೊಂಡು ತಂದಿದ್ದರು.

"ನಿಮಗೆ ಹೇಳದಿದ್ರೆ ಜೀವ ನಿಲ್ಲಲ್ಲ, ಹೇಳ್ಕೊಳ್ಲಿ ಪಾಪ ಅಂತ ಕೇಳ್ತಿದ್ದೆ" ಅಂದರು ಹೆಂಡತಿ.

"ಕೇಳದಿದ್ರೆ ನಿನಗೆ ಜೀವ ನಿಲ್ಲಲ್ಲ ಅಂತ ಹೇಳ್ತಿದ್ದೆ" ಅಂದರು ನಂಬರಪ್ಪನವರು.

ಆಮೇಲೆ ಇಬ್ಬರೂ ಮಾತಾಡಲಿಲ್ಲ. ಇಳಿಯುವ ಸ್ಟಾಪು ಬಂದು ಹೋಯಿತು. 'ಇಳೀರಿ' ಎಂದು ಹೇಳುವ ಕೆಲಸ ತಮ್ಮದಲ್ಲವೆಂದು ಇಬ್ಬರೂ ತಿಳಿದಿದ್ದರು.

ಮರುದಿನ ಹೆಂಡತಿಯೇ ಮುಂದಾಗಿ ಗಂಡನನ್ನು ಕರೆದುಕೊಂಡು ದೊಡ್ಡ ಡಾಕ್ಟರ ಮುಂದೆ ನಿಂತರು.

"ಡಾಕ್ಟ್ರೇ, ಇವರು ನಿನ್ನೆ ಹೇಳಿದ್ದು ನಿಜ. ಇವರಿಗೆ ಮಾತು ಬೇಡ. ಆ ಕೆಳಗಿನ ರೂಮೇ ಬೇಕಂತೆ."

ದೊಡ್ಡ ಡಾಕ್ಟರು ನಗಲು ಅಣಿಯಾಗಿ, ಆಕೆಯ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದರು. "ಯಾವಾಗಿಂದಮ್ಮ ಹೀಗೆ?"

"ಮೊದಲಿಂದಲೂ."

"ಮೊದಲಿಂದಲೂ" ಎಂದು ಡಾಕ್ಟರು ನಿಧಾನವಾಗಿ ಹೇಳಿಕೊಂಡರು. "ನೀವು ಹೇಳಿ. ನೀವು ಮಾತುಗಾರರಲ್ವಾ?"

"ಅಲ್ಲ ಸಾರ್."

"ಜನ ಅಂದ್ರೆ ಇಷ್ಟ ಇಲ್ವಾ?"

"ದೂರದಿಂದ ಇಷ್ಟ ಸಾರ್."

ದೊಡ್ಡ ಡಾಕ್ಟರು ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದ ಮೇಜಿನ ಮೇಡಮ್ಮಿನ ಕಡೆ ಅರ್ಥಪೂರ್ಣವಾಗಿ ನೋಡಿದರು. ಮೇಡಮ್ಮಿಗೆ ಅರ್ಥವಾಗಿ ಬಾಯಿಗೆ ಕೈ ಅಡ್ಡ ಹೋಯಿತು. ಡಾಕ್ಟರು ಎದ್ದು, ನಂಬರಪ್ಪನವರ ಒಂದೊಂದೇ ಕಣ್ಣಿಗೆ ದೀಪ ಬಿಟ್ಟು ನೋಡಿ, ಹೆಂಡತಿಯನ್ನು ಕಿಟಕಿಯ ಹತ್ತಿರ ಕರೆದು ದನಿ ತಗ್ಗಿಸಿದರು.

"ಹೆದರ್ಬೇಡಿ ತಾಯಿ. ಗಂಟಲಿನ ಆಘಾತ ಮನಸ್ಸಿಗೆ ತಗಲಿದೆ. ತಾನು ಯಾರು ಅನ್ನೋದೇ ಮರೆತುಹೋಗಿದೆ. ಎದುರು ಮಾತಾಡಬಾರದು, ಕೇಳಿದ್ದು ಕೊಡಬೇಕು. ಸ್ವಲ್ಪ ದಿನ ಆ ಕೆಳಗಿನ ರೂಮಲ್ಲೇ ಇರಲಿ. ಮೊದಲಿನ ಹಾಗೆ ನಗುನಗ್ತಾ ಆದ ಕೂಡ್ಲೇ ಮೇಲೆ ಕರೆಸ್ಕೋತೀನಿ. ಮೈಕು ಇವರ ಹೆಸರಲ್ಲೇ ಇರುತ್ತೆ, ಬೇರೆ ಯಾರಿಗೂ ಕೊಡಲ್ಲ."

ಹೆಂಡತಿ ಏನೋ ಹೇಳಹೊರಟವರು ಗಂಡನ ಕಡೆ ನೋಡಿದರು. ಗಂಡ ಕಣ್ಣಿನಲ್ಲೇ ಬೇಡವೆಂದರು. ಅದು ಆಕೆಗೆ ಸರಿಯಾಗಿ ಅರ್ಥವಾಯಿತು.

ಹೀಗೆ ನಂಬರಪ್ಪನವರಿಗೆ ಫಿಟಿಂಗ್ ರೂಮು ಸಿಕ್ಕಿತು. ಚಕ್ರ ತಿರುಗುತ್ತದೆ, ನೀರು ತೊಟ್ಟಿಕ್ಕುತ್ತದೆ, ಗಾಜು ಸವೆಯುತ್ತದೆ. ಇರುವ ಕಷ್ಟ ಒಂದೇ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದರೆ ಮುಖ ಸಪ್ಪಗೆ ಮಾಡಿಕೊಳ್ಳಬೇಕು. ಸಂತೋಷವಾಗಿರುವವನಿಗೆ ಅದು ಸುಲಭವಲ್ಲ. ಒಮ್ಮೆ ಮೈಮರೆತು ಮುಗುಳ್ನಕ್ಕಿದ್ದನ್ನು ಮೇಜಿನ ಮೇಡಮ್ಮು ಕಂಡು, "ಸಾರ್ ಹುಷಾರಾಗ್ತಿದಾರೆ!" ಎಂದು ಮೇಲಕ್ಕೋಡಿ ಸುದ್ದಿ ಮಾಡಿ, ವಿಷಯ ಮೈಕಿಗೆ ಹೊಸ ಬ್ಯಾಟರಿ ಹಾಕುವವರೆಗೂ ಹೋಗಿತ್ತು.

ಒಂದು ಮಧ್ಯಾಹ್ನ ಹೆಂಡತಿ ಮರೆತುಹೋದ ಊಟದ ಡಬ್ಬಿ ತಂದುಕೊಟ್ಟು, ಇನ್ನೊಂದು ಸ್ಟೂಲು ಎಳೆದು ಕುಳಿತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ನಂಬರಪ್ಪನವರು ಒಂದು ಗಾಜನ್ನು ದೀಪಕ್ಕೆ ಹಿಡಿದು ಅಂಚು ನೋಡುತ್ತ ನಗುತ್ತಿದ್ದರು. ಮೇಲೆ ಬೂಟಿನ ಸದ್ದಾಯಿತು, ದೊಡ್ಡ ಡಾಕ್ಟರದು.

"ಮುಖ!" ಎಂದು ಹೆಂಡತಿ ಪಿಸುಗುಟ್ಟಿದರು.

ನಂಬರಪ್ಪನವರು ಹುಬ್ಬು ಗಂಟಿಕ್ಕಿದರು, ತುಟಿ ಇಳಿಸಿದರು. ಆದರೂ ಒಂದು ಮೂಲೆಯಲ್ಲಿ ನಗು ಉಳಿದೇಬಿಟ್ಟಿತು. ಹೆಂಡತಿ ಮಾತ್ರ ಏನೂ ಪ್ರಯಾಸಪಡಲಿಲ್ಲ. ತಲೆಯನ್ನು ಸ್ವಲ್ಪ ವಾಲಿಸಿ, ಕಣ್ಣನ್ನು ಗಂಡನ ಮೇಲೆ ನೆಟ್ಟು, ಕ್ಷಣದಲ್ಲಿ ಅಪಾರ ಮರುಕದ ಮುಖವೊಂದನ್ನು ತಂದುಕೊಂಡರು. ಬಾಗಿಲಿಗೆ ಬಂದ ದೊಡ್ಡ ಡಾಕ್ಟರು ಆ ಮುಖ ನೋಡಿದ ಮೇಲೆ ಇನ್ನೊಂದನ್ನು ನೋಡಲೇ ಇಲ್ಲ. "ಇನ್ನೂ ಹಾಗೇ ಇದಾರಾ ತಾಯಿ? ಪಾಪ" ಎಂದು ನಿಟ್ಟುಸಿರಿಟ್ಟು ಮೆಲ್ಲಗೆ ಹತ್ತಿಹೋದರು.

ಬೂಟಿನ ಸದ್ದು ನಿಂತಿತು. ಹೆಂಡತಿಯ ಮುಖ ಮಾಮೂಲಿಗೆ ಬಂತು.

"ಅಬ್ಬಾ, ಎಷ್ಟು ಚೆನ್ನಾಗಿ ಬರುತ್ತಲ್ಲೇ ನಿನಗೆ!" ಅಂದರು ನಂಬರಪ್ಪನವರು. "ಎಲ್ಲಿ ಕಲಿತೆ?"

ಹೆಂಡತಿ ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು.

"ನೀವು ಗಾಜು ಉಜ್ಜಿ" ಅಂದರು.